ಹೊರಗಿಡುವ ಕೆಲಸದ ಬೆಂಚಿಗೆ ಕನ್ನಡದಲ್ಲಿ ಎಂತ ಬರೆಯುವುದು? (ನಾಳೆಯೊಳಗೆ ಬೇಕು)

ಮಣಿಪಾಲದಿಂದ:
ನಮ್ಮದು ರಿಮೋಟಿನಲ್ಲಿ ಹಾರಿಸುವ ಪುಟ್ಟ ವಿಮಾನಗಳ ಕ್ಲಬ್ಬು. ಮೈದಾನದ ಅಂಚಿಗೆ ಗಟ್ಟಿ ಮರದ ಬೆಂಚುಗಳನ್ನು ಮಾಡಿಸುತ್ತಿದ್ದೇವೆ. ನಿಂತು ಕೆಲಸ ಮಾಡುವಂಥದು, ಎತ್ತರ 36 ಇಂಚು. ಕಾಲು 4 ಇಂಚು ಚೌಕ. ಮೇಲೆ ದಪ್ಪ ಹಲಗೆ, ಮಳೆನೀರು ಇಳಿಯಲು ನಡುವೆ ಸಂದು. ಒಂದು ಬದಿಯಲ್ಲಿ ಸ್ಪಂಜು ಸುತ್ತಿದ ಎರಡು ಗೂಟ ಉಂಟು. ವಿಮಾನದ ಬಾಲದ ರೆಕ್ಕೆ ಅದಕ್ಕೆ ತಾಗಿ ನಿಲ್ಲುತ್ತದೆ. ಇಂಜಿನ್ ಚಾಲೂ ಮಾಡಿದಾಗ ಮುಂದಕ್ಕೆ ನುಗ್ಗುವುದಿಲ್ಲ, ಬೆರಳೂ ಉಳಿಯುತ್ತದೆ.

ಬೋರ್ಡಿನಲ್ಲಿ 'ವರ್ಕ್ ಬೆಂಚ್' ಬೇಡ ಎಂದು ಎಲ್ಲರೂ ಒಪ್ಪಿದ್ದಾರೆ. ಬರೀ 'ಬೆಂಚು' ಎಂದರೆ ಸಂಜೆ ವಾಕಿಂಗಿಗೆ ಬಂದವರು ಹತ್ತಿ ಕೂತೇ ಬಿಡುತ್ತಾರೆ. ಪೇಂಟರ್ ನಾಳೆ ಬರುತ್ತಾರೆ. ಬೆಂಚಿಗೊಂದು, ಗೂಟಕ್ಕೊಂದು ಪದ ಹೇಳಿ. ಅದನ್ನು ಮಾಡುವ ಕ್ರಮದ ಹಾಳೆಗೂ ಅದೇ ಪದ ಹೋಗುತ್ತದೆ.

ಉಡುಪಿ ರಥಬೀದಿಯಿಂದ:
ಕಾರ್ಯಪೀಠ.

ಕುಂದಾಪುರದಿಂದ:
ಪೀಠವಾ ಮಾಷ್ಟ್ರೇ? ಪರ್ಯಾಯದಲ್ಲಿ ಸ್ವಾಮಿಗಳು ಏರುವುದು ಸರ್ವಜ್ಞ ಪೀಠ. ಹೈಕೋರ್ಟಿನದ್ದು ವಿಭಾಗೀಯ ಪೀಠ. ಎಲ್ಲವೂ ಕೂರಲಿಕ್ಕೇ ಇರುವುದು. ಇವರಿಗೆ ಬೇಕಾದ್ದು ಕೂರದಿರುವಂಥದು.

ನಮ್ಮಲ್ಲಿ ಕೆಲಸದ ಹಲಗೆಗೆ ಮಣೆ ಎನ್ನುವ ಹೆಸರು ಮೊದಲೇ ಇದೆ. ಈಳಿಗೆಮಣೆ, ಚಪಾತಿ ಮಣೆ. ಕಡೆಗೋಲು, ಸುಡುಗಾಡಿನ ಹಾಗೆ 'ಗೆಯ್' (ಕೆಲಸ ಮಾಡು) ಎನ್ನುವ ಧಾತುವಿಗೆ ನೇರ ಹತ್ತಿಸಿದರೆ ಗೆಯ್ಮಣೆ. ತುಳುವಿನಲ್ಲೂ ಮಣೆಯೇ. ಮತ್ತೆ ಹುಡುಕುವುದು ಎಂತದಕ್ಕೆ?

ಕಾರ್ಕಳದಿಂದ:
ಈಳಿಗೆಮಣೆಯ ಮೇಲೆ ಕೂತೇ ತರಕಾರಿ ಹೆಚ್ಚುವುದು ಮಾರಾಯ್ರೇ. ಮೂರಡಿ ಎತ್ತರದ ಮಣೆಯನ್ನು ನಾನಂತೂ ಕಂಡಿಲ್ಲ. ಅಲ್ಲದೆ ಮಣೆ ಹಾಕಿದ ಮೇಲೆ ಯಾರು ನಿಂತಿರುತ್ತಾರೆ?

ಪದ ಏನಾದರೂ ಇರಲಿ. ಹಾಳೆಯಲ್ಲಿ ಸುಮ್ನೆ 'ಸ್ಟೀಲ್ ಬೋಲ್ಟ್' ಎಂದು ಬರೆಯಬೇಡಿ, ಸ್ಟೇನ್‌ಲೆಸ್ ಸ್ಟೀಲಿನ 316 ದರ್ಜೆ ಎಂದು ಬರೆಯಿರಿ. ಕಡಲ ಗಾಳಿಗೆ 304 ದರ್ಜೆಯದ್ದು ಕೂಡ ಕಲೆ ಹಿಡಿದು ಸಣ್ಣ ಸಣ್ಣ ಗುಳಿ ಬೀಳುತ್ತದೆ. 'ಕಾಡುಮರ' ಎಂದರೆ ಅಂಗಡಿಯವರು ಎಂತದ್ದೋ ಕೊಡುತ್ತಾರೆ. ಕಿರಾಲ್‌ಬೋಗಿ, ಇಲ್ಲದಿದ್ದರೆ ಹೆಬ್ಬಲಸು ಎಂದು ಹೆಸರು ಹಿಡಿದೇ ಬರೆಯಿರಿ. ಕಾಲನ್ನು ಮಣ್ಣಿಗೆ ಹೂಳಬೇಡಿ, ಒರಲೆ ಬಿಡುವುದಿಲ್ಲ. ಕರಿಕಲ್ಲಿನ ತುಂಡಿನ ಮೇಲೆ ನಿಲ್ಲಿಸಿ. ಕೆಂಪುಕಲ್ಲು ಅಗ್ಗ, ಆದರೆ ನೀರು ಹೀರುತ್ತದೆ. ಮಳೆಗಾಲಕ್ಕೆ ಮುಂಚೆ ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ) ಕೊಡಿ. ಪೂರ್ತಿ ಒಣಗುವ ತನಕ ಮುಟ್ಟಬಾರದು, ಕೈ ಬೊಬ್ಬೆ ಏಳುತ್ತದೆ. ಕಾಲುಗಳಿಗೆ ಓರೆಯಾಗಿ ಹೊಡೆಯುವ ಮರದ ಪಟ್ಟಿಗೆ ಆಚಾರಿಗಳು ಕ್ರಾಸ್ ಪಟ್ಟಿ ಎನ್ನುತ್ತಾರೆ. ಅದಕ್ಕೂ ಇಲ್ಲಿ ಸಮಾಸ ಕಟ್ಟಲು ಹೊರಡಬೇಡಿ.

ಮಂಗಳೂರು ಕದ್ರಿಯಿಂದ:
ಯಾರೂ ಬೇರಿಗೆ ಹೋಗಲಿಲ್ಲ. ಬೆಂಚು, ಬ್ಯಾಂಕು ಎರಡೂ ಒಂದೇ ಮೂಲದ ಪದಗಳು. ಇಟಲಿಯಲ್ಲಿ ಹಣ ಬದಲಾಯಿಸುವವರು ಮುಂದಿಟ್ಟುಕೊಳ್ಳುತ್ತಿದ್ದ ಬೆಂಚೇ ಬಾಂಕೊ. ಅದರ ಮೇಲೆ ಕೆಲಸ ನಡೆಯುತ್ತಿತ್ತು, ಗಮನಿಸಿ! ಪೋರ್ಚುಗೀಸಿನಿಂದ ಕೊಂಕಣಿಗೆ ಬಂದ ಬಾಂಕ್ ಈಗಲೂ ಬೆಂಚೇ. ಕೆನರಾ ಬ್ಯಾಂಕು ಮಂಗಳೂರಿನಲ್ಲಿ, ಕಾರ್ಪೊರೇಷನ್ ಬ್ಯಾಂಕು ಉಡುಪಿಯಲ್ಲಿ, ಎರಡೂ 1906ರಲ್ಲಿ ಹುಟ್ಟಿದವು. ಇಂಥ ಊರಿನವರು ಬಾಂಕು ಎಂದು ಬರೆಯಲು ನಾಚಬೇಕಾ?

ಕುಂದಾಪುರದಿಂದ:
ಕೇಳಿದ್ದು ಬೋರ್ಡಿಗೆ ಪದ, ಬ್ಯಾಂಕಿನ ಚರಿತ್ರೆಯಲ್ಲ. ತಾಳಮದ್ದಳೆಯಲ್ಲಿ ರಾತ್ರಿಯಿಡೀ ಇಂಗ್ಲಿಷು ಸೋಕದಂತೆ ಮಾತಾಡುತ್ತಾರೆ. ನಮಗೆ ಒಂದು ಹಲಗೆಗೆ ಹೆಸರಿಡಲು ಆಗುವುದಿಲ್ಲ.

ಕದ್ರಿಯಿಂದ:
'ಬೋರ್ಡಿಗೆ' ಎಂದು ಬರೆದದ್ದು ನೀವೇ. ಯಕ್ಷಗಾನದವರೇ 'ಟೆಂಟಿನ ಮೇಳ' ಎನ್ನುತ್ತಾರೆ, ಅವರ ಕನ್ನಡ ಏನು ಕೆಟ್ಟಿತು? ಚಾವಿ ಪೋರ್ಚುಗೀಸು, ಬಾಲ್ದಿ ಪೋರ್ಚುಗೀಸು, ಅಲಮಾರು ಪೋರ್ಚುಗೀಸು. ನಿಮ್ಮ ಲೆಕ್ಕದಲ್ಲಿ ಮನೆಯನ್ನೇ ಖಾಲಿ ಮಾಡಬೇಕಾದೀತು.

ರಥಬೀದಿಯಿಂದ:
ಸಂಸ್ಕೃತ ಒಂದನ್ನು ಬಿಟ್ಟು ಯಾವ ಸಾಲವಾದರೂ ಇಲ್ಲಿ ನಡೆಯುತ್ತದೆ. ಗೆಯ್ಮಣೆಯನ್ನು ಓದಿ ಅರ್ಥ ಮಾಡಿಕೊಳ್ಳುವ ಒಬ್ಬ ಹುಡುಗನನ್ನು ತೋರಿಸಿ. ನನ್ನದು ಇಷ್ಟೇ.

ಮಣಿಪಾಲದಿಂದ:
ಪೇಂಟರ್ ಬಂದಾಯಿತು. 'ಕೆಲಸದ ಮೇಜು. ಹತ್ತಬೇಡಿ, ಕೂರಬೇಡಿ' ಎಂದು ಬರೆಸುತ್ತಿದ್ದೇನೆ. ಮೇಜು ಎಂದರೆ ಕೂರುವುದಲ್ಲ ಎಂದು ಮಕ್ಕಳಿಗೂ ಗೊತ್ತು. ಬೋಲ್ಟು, ಗೇರೆಣ್ಣೆ, ಕರಿಕಲ್ಲು ಎಲ್ಲಾ ಹಾಳೆಗೆ ಸೇರಿತು, ಕಾರ್ಕಳದವರಿಗೆ ಥ್ಯಾಂಕ್ಸ್. ಗೂಟದ ಬಗ್ಗೆ ಯಾರೂ ಹೇಳಲೇ ಇಲ್ಲ. 'ತಡೆಗೂಟ' ಆಗಬಹುದಾ?

ಕುಂದಾಪುರದಿಂದ:
ತಡೆಗೂಟ ಸರಿ, ಅದೂ ನಾನು ಹೇಳಿದ ಸಮಾಸವೇ. ಮೇಜು ಪಾರಸಿ, ಗೊತ್ತಿರಲಿ.

ಕದ್ರಿಯಿಂದ:
ನಿಮ್ಮ ಕಡೆಗೆ ಪಾರಸಿ ಇರಬಹುದು. ನಮ್ಮ ಕರಾವಳಿಗೆ ಬಂದದ್ದು ಪೋರ್ಚುಗೀಸರ ಮೇಜಾ. ಬೇಕಾದರೆ ಬೇರೆ ಪತ್ರದಲ್ಲಿ ಮಾತಾಡುವ.