ಸಹಾಯ ಬೇಕು: ಎತ್ತರದ ಗಾಡಿ ತಗೊಳ್ಳೋದಾ, ಸ್ವಿಫ್ಟ್ ಥರದ್ದೇ ಸಾಕಾ?

ಎಲ್ಲರಿಗೂ ನಮಸ್ಕಾರ. ನಾವು ಶಿಡ್ಲಘಟ್ಟದ ಹತ್ತಿರದವರು, ರೇಷ್ಮೆ ಬೆಳೆಗಾರರು. ಹೊಸ ಕಾರು ನೋಡ್ತಾ ಇದ್ದೀವಿ, ಆನ್‌ರೋಡ್ ಹತ್ತು ಲಕ್ಷದೊಳಗೆ. ಮನೇಲಿ ಎಲ್ಲರ ಬಾಯಲ್ಲೂ ಟಾಟಾ ಪಂಚ್, ಹ್ಯುಂಡೈ ಎಕ್ಸ್‌ಟರ್ ಥರದ ಎತ್ತರದ ಪುಟ್ಟ ಗಾಡಿಗಳದ್ದೇ ಮಾತು.

ನನಗೂ ಆಸೆ ಇದೆ, ಅಪ್ಪನ ಮಂಡಿನೋವಿನಿಂದಾಗಿ. ಚಿಕ್ಕಪ್ಪನ ತಗ್ಗಿನ ಡಿಸೈರ್ ಕಾರು ಹತ್ತುವಾಗ ಒಂದು ಕೈ ಬಾಗಿಲಿಗೆ, ಇನ್ನೊಂದು ಸೀಟಿಗೆ ಊರಿ, ಬೆನ್ನು ಬಗ್ಗಿಸಿ ಧಪ್ ಅಂತ ಕೂರ್ತಾರೆ. ಇಳಿಯೋವಾಗ ನಾವು ಕೈ ಹಿಡಿದು ಎಬ್ಬಿಸಬೇಕು. ಶೋರೂಮಲ್ಲಿ ಪಂಚ್ ಸೀಟಿಗೆ ಯಾರ ಆಸರೆಯೂ ಇಲ್ಲದೆ ಪಕ್ಕಕ್ಕೆ ಸರಿದು ಕೂತುಬಿಟ್ರು! ತೋಟದ ಮಣ್ಣುದಾರಿಗೂ ಸ್ವಿಫ್ಟ್‌ನ 163 ಮಿ.ಮೀ. ಗ್ರೌಂಡ್ ಕ್ಲಿಯರೆನ್ಸ್‌ಗಿಂತ (ನೆಲದಿಂದ ಗಾಡಿ ತಳಕ್ಕಿರೋ ಎತ್ತರ) ಪಂಚ್‌ನ 187 ವಾಸಿ.

ಆದ್ರೆ ಇವು ನೋಡೋಕಷ್ಟೇ ಎಸ್‌ಯುವಿ. ಎಂಜಿನ್ ಬಲ ಮುಂದಿನ ಚಕ್ರಕ್ಕೆ ಮಾತ್ರ, ಕೆಸರಲ್ಲಿ ಹೂತರೆ ಎತ್ತರ ಇದ್ದು ಏನು ಬಂತು? ಸ್ವಿಫ್ಟ್‌ಗೂ ಇವಕ್ಕೂ ತೆರಿಗೆಯಲ್ಲೂ ವ್ಯತ್ಯಾಸ ಇಲ್ಲ: ಉದ್ದ ನಾಲ್ಕು ಮೀಟರ್, ಎಂಜಿನ್ 1200 ಸಿಸಿ ಒಳಗಿನ ಪೆಟ್ರೋಲ್ ಗಾಡಿಗಳಿಗೆಲ್ಲ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಶೇ. 18.

ಒಂದೆರಡು ವರ್ಷ ಓಡಿಸಿರೋರು ದಯವಿಟ್ಟು ಹೇಳಿ. ಐದು ಜನ ಕೂತು ಏಸಿ ಹಾಕಿದ್ರೆ ನಂದಿಬೆಟ್ಟ ಹತ್ತುವಾಗ ಎಂಜಿನ್ ಏದುಸಿರು ಬಿಡುತ್ತಾ? ಅಮ್ಮನಿಗೆ ತಿರುವುಗಳಲ್ಲಿ ವಾಂತಿ ಬರುತ್ತೆ. ಎತ್ತರದ ಗಾಡಿ ಜಾಸ್ತಿ ವಾಲುತ್ತೆ ಅಂತಾರೆ, ನಿಜಾನಾ? ಬೆಂಗಳೂರು ಹೈವೇಲಿ ಮೈಲೇಜ್ ಎಷ್ಟು ಸಿಗ್ತಿದೆ? ಭಾನುವಾರ ಮುಂಗಡ ಕಟ್ಟೋ ಮಾತಾಗಿದೆ, ಅಷ್ಟರೊಳಗೆ ತಿಳಿಸಿದ್ರೆ ತುಂಬಾ ಉಪಕಾರ ಆಗುತ್ತೆ.