ಹಳದಿ ಹೂವಿನ ಬಳ್ಳಿ ತೋಟಕ್ಕೆ ಇಳಿದಿದೆ, ನೀವೇನು ಮಾಡಿದಿರಿ?

ಕಾಪುವಿನಿಂದ ಕೇಳುತ್ತಿದ್ದೇನೆ. ಮನೆ ಹಿಂದಿನ ದರೆ ಜರಿಯದಿರಲಿ ಎಂದು ಎರಡು ವರ್ಷದ ಹಿಂದೆ ನರ್ಸರಿಯಿಂದ ವೆಡೇಲಿಯಾ ತಂದು ನೆಟ್ಟೆ. ಈಗ ತೆಂಗಿನ ಬುಡ, ಬಾವಿಕಟ್ಟೆ ಎಲ್ಲಾ ಅದೇ. ಬಾವಿ ಹತ್ತಿರ ಮದ್ದು ಹೊಡೆಯಲು ಹೆದರಿಕೆ. ತೆಗೆದವರು ಇದ್ದರೆ ಹೇಳಿ.

ಬ್ರಹ್ಮಾವರದಿಂದ:
ಅಕ್ಕ, ಹುಲ್ಲು ಹೆರೆಯುವ ಮೆಷಿನ್ ಮಾತ್ರ ತರಿಸಬೇಡಿ. ನಾವು ಜೂನ್‌ನಲ್ಲಿ ಹೆರೆಸಿದೆವು. ಒಂದು ವಾರ ಅಂಗಳ ಚಂದ ಕಂಡಿತು. ಆಮೇಲೆ ನೋಡಿದರೆ ತುಂಡಾಗಿ ಬಿದ್ದ ದಂಟೆಲ್ಲ ಚಿಗುರಿದೆ! ಒಂದು ದಂಟು ಎತ್ತಿ ನೋಡಿ, ನೆಲಕ್ಕೆ ತಾಗಿದ ಗೆಣ್ಣಿಗೆಲ್ಲ ಬೇರು ಇರುತ್ತದೆ. ಇದು ಬೀಜದಿಂದ ಹರಡುವುದು ಕಡಿಮೆ, ದಂಟಿನಿಂದಲೇ ಜಾಸ್ತಿ. ಅಂದರೆ ನಾವು ಕಡಿಸಿದ್ದಲ್ಲ, ಕೂಲಿ ಕೊಟ್ಟು ನೆಡಿಸಿದ್ದು.

ಮರುವರ್ಷ ದೀಪಾವಳಿ ಕಳೆದ ಮೇಲೆ ಕೈ ಹಾಕಿದೆವು. ಮಳೆ ನಿಂತಿತ್ತು, ಮಣ್ಣಿನಲ್ಲಿ ಪಸೆ ಇತ್ತು. ಕೈಯಲ್ಲಿ ಹಿಡಿದು ನಿಧಾನಕ್ಕೆ ಎಳೆದರೆ ಬೇರು ಸಮೇತ ಬರುತ್ತದೆ. ಎಳೆದದ್ದನ್ನು ಗೊಬ್ಬರಗುಂಡಿಗೆ ಹಾಕಬೇಡಿ, ಅಲ್ಲೂ ಚಿಗುರುತ್ತದೆ. ನಾವು ಪಾದೆಯ ಮೇಲೆ ಹರಡಿ, ಮುರಿದರೆ ಟಕ್ ಅನ್ನುವಷ್ಟು ಒಣಗಿಸಿ ಸುಡುಮಣ್ಣಿಗೆ ಹಾಕಿದೆವು. ಮೊದಲ ಮಳೆಗೆ ಅಲ್ಲಲ್ಲಿ ಮತ್ತೆ ತಲೆ ಎತ್ತಿತು. ಹದಿನೈದು ದಿನಕ್ಕೊಮ್ಮೆ ಹೆಕ್ಕಿದೆವು. ಪೂರಾ ಹೋಗಲು ಎರಡು ಮಳೆಗಾಲ ಬೇಕಾಯಿತು ಮಾರಾಯ್ರೆ.

ದರೆಯದ್ದು ಮಾತ್ರ ಒಟ್ಟಿಗೆ ಕೀಳಬೇಡಿ, ಮಣ್ಣು ಬರಿದಾಗುತ್ತದೆ. ಒಂದೊಂದೇ ಪಟ್ಟಿ ಕಿತ್ತು, ಅಲ್ಲಿ ಲಾವಂಚ ನೆಡುತ್ತಾ ಬನ್ನಿ. ಅದರ ಬೇರು ನೇರ ಆಳಕ್ಕೆ ಇಳಿಯುತ್ತದೆ. ಈ ಬಳ್ಳಿಯದ್ದು ಮೇಲುಮೇಲಿನ ಬೇರು, ದರೆಯನ್ನು ಏನು ಹಿಡಿದೀತು?

ಮಂಗಳೂರಿನಿಂದ:
ಇದನ್ನೇ ಹಳದಿ ಭೃಂಗರಾಜ ಅಂದುಕೊಂಡು ಎಣ್ಣೆ ಕಾಯಿಸುವವರಿದ್ದಾರೆ. ಎಲೆ ನೋಡಿ: ಇದರ ಎಲೆಗೆ ಬದಿಯಲ್ಲಿ ಕಿವಿಯ ಹಾಗೆ ಎರಡು ಸೀಳು, ಒಟ್ಟು ಮೂರು ಮೂಲೆ. ಹಳದಿ ಭೃಂಗರಾಜದ್ದು ಸಪೂರ, ಸೀಳಿಲ್ಲದ ಎಲೆ. ಹೂ ಎರಡಕ್ಕೂ ಹೆಚ್ಚುಕಮ್ಮಿ ಒಂದೇ. ಇದು ಅಮೆರಿಕದ ಬಿಸಿ ಸೀಮೆಯಿಂದ ಬಂದದ್ದು. ಲೋಕದ 100 ಕೆಟ್ಟ ಅತಿಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಇದರ ಹೆಸರಿದೆ. ಆದರೂ ನರ್ಸರಿಯಲ್ಲಿ ಸಿಗುತ್ತದೆ ನೋಡಿ!

ಉಡುಪಿಯಿಂದ:
ತೆಂಗಿನ ಬುಡಕ್ಕೆ ಕಪ್ಪು ಟಾರ್ಪಾಲು ಹಾಸಿ, ಅಂಚಿಗೆ ಕಲ್ಲು ಇಟ್ಟೆವು. ಒಂದು ಬೇಸಿಗೆ ಇಡೀ ಹಾಗೇ ಬಿಟ್ಟ ಮೇಲೆ ಕೊಳೆತು ಹೋಯಿತು. ಕಿತ್ತದ್ದನ್ನು ತೋಡಿಗೆ ಎಸೆಯಬೇಡಿ, ನಮ್ಮಲ್ಲಿಗೆ ಬಂದದ್ದೇ ಹಾಗೆ. ಅತ್ತೆಗೆ ಹೂ ಇಷ್ಟ, ಚಿಟ್ಟೆ ಬರುತ್ತದೆ ಅಂತ ಒಂದು ಚಟ್ಟಿಯಲ್ಲಿ ಉಳಿಸಿಕೊಂಡಿದ್ದಾರೆ. ಚಟ್ಟಿಯಿಂದ ಕೆಳಗೆ ಇಳಿದ ದಂಟನ್ನು ನಾನು ದಿನಾ ಚಿವುಟಿ ಬಚ್ಚಲೊಲೆಗೆ ಹಾಕುತ್ತೇನೆ.