ಅಳತೆ ಸರಿಯಿದ್ದರೂ ಹಲಗೆ ತಪ್ಪುತ್ತಿದೆ: ಉದ್ದ ಜಿಗಿತದ ಓಟದಲ್ಲಿ ಸಹಾಯ ಬೇಕು

ಮರಳುಗುಂಡಿ:
ನನ್ನದು 16 ಹೆಜ್ಜೆಯ ಓಟ. ಟೇಪ್ ಹಿಡಿದು ಅಳೆದೇ ಶುರುವಿನ ಗುರುತು ಹಾಕಿದ್ದೇನೆ. ಆದರೂ ಒಂದು ಸಲ ಕಾಲು ಹಲಗೆ ದಾಟಿ ಫೌಲ್, ಇನ್ನೊಂದು ಸಲ ಒಂದು ಗೇಣು ಹಿಂದೆ. ಗುರುತು ಸರಿಸಿ ಸರಿಸಿ ಸಾಕಾಗಿದೆ. ಮನಸ್ಸಿನಲ್ಲೇ ಹೆಜ್ಜೆ ಎಣಿಸುತ್ತೇನೆ, ಹಲಗೆ ಕಡೆ ನೋಡುವುದೇ ಇಲ್ಲ. ನೋಡಿದರೆ ವೇಗ ಕಡಿಮೆಯಾಗುತ್ತದೆ ಅಲ್ವಾ?

ಹಳೇಹೆಜ್ಜೆ:
ತೊಂದರೆ ಗುರುತಿನಲ್ಲಿ ಇದ್ದ ಹಾಗಿಲ್ಲ. ಗುರುತು ತಪ್ಪಾಗಿದ್ದರೆ ಪ್ರತಿ ಸಲ ಒಂದೇ ಕಡೆಗೆ ತಪ್ಪಬೇಕಿತ್ತು. ಒಂದೊಂದು ಹೆಜ್ಜೆಯಲ್ಲೂ ಚೂರು ಹೆಚ್ಚುಕಮ್ಮಿ ಆಗುತ್ತದೆ, ಅದು ಕೂಡಿಕೊಂಡು ಹೋಗುತ್ತದೆ. ಎಣಿಕೆಗೆ ಅದು ಗೊತ್ತಾಗುವುದಿಲ್ಲ, ಕಣ್ಣಿಗೆ ಗೊತ್ತಾಗುತ್ತದೆ. ಲೀ, ಲಿಶ್‌ಮನ್, ಥಾಮ್ಸನ್ ಎಂಬ ಸಂಶೋಧಕರು 1982ರಲ್ಲಿ ಪ್ರಕಟಿಸಿದ್ದು ಇದನ್ನೇ. ನುರಿತ ಜಿಗಿತಗಾರರ ಹೆಜ್ಜೆ ಬೀಳುವ ಜಾಗವೂ ಓಟದ ಉದ್ದಕ್ಕೂ ಚದುರುತ್ತಾ ಹೋಗುತ್ತದೆ. ಕೊನೆಯ ಕೆಲವೇ ಹೆಜ್ಜೆಗಳಲ್ಲಿ ಅವರು ಹಲಗೆ ನೋಡಿ ಸರಿಮಾಡಿಕೊಳ್ಳುತ್ತಾರೆ.

ಒಂದು ಪರೀಕ್ಷೆ ಮಾಡಿ. ಆರು ಸಲ ಓಡಿ. ಕೊನೆಯಿಂದ ಐದನೇ ಹೆಜ್ಜೆ ಎಲ್ಲಿ ಬಿತ್ತು, ಹಲಗೆ ಹತ್ತಿರ ಎಲ್ಲಿ ಬಿತ್ತು, ಎರಡನ್ನೂ ಯಾರಾದರೂ ಗುರುತು ಹಾಕಲಿ.

ಮರಳುಗುಂಡಿ:
ಮಾಡಿದೆ. ಐದನೇ ಹೆಜ್ಜೆ 31 ಸೆಂ.ಮೀ. ಅಂತರದಲ್ಲಿ ಚದುರಿದೆ. ಹಲಗೆ ಹತ್ತಿರ 34.

ಹಳೇಹೆಜ್ಜೆ:
ಹಾಗಾದರೆ ಖಚಿತ. 31 ಆಗಿರುವುದು ದೊಡ್ಡ ವಿಷಯವಲ್ಲ. ಹಲಗೆ ಹತ್ತಿರ ಅದು ಕುಗ್ಗಬೇಕಿತ್ತು, ಕುಗ್ಗಿಲ್ಲ. ಹಲಗೆಯ ಅಗಲವೇ 20 ಸೆಂ.ಮೀ.

ಎಣಿಸುವುದನ್ನು ಬಿಡಿ. ಓಟದ ಅರ್ಧದಿಂದಲೇ ಹಲಗೆ ಕಣ್ಣಿಗೆ ಬೀಳುತ್ತಿರಲಿ. ಹತ್ತಿರವಾದಂತೆ ಅದು ಕಣ್ಣಲ್ಲಿ ದೊಡ್ಡದಾಗುತ್ತದೆ. ದೊಡ್ಡದಾಗುವ ವೇಗದಿಂದಲೇ ಇನ್ನೆಷ್ಟು ಹೊತ್ತು ಉಳಿದಿದೆ ಅಂತ ಅಂದಾಜು ಸಿಗುತ್ತದೆ, ದೂರ ಲೆಕ್ಕ ಹಾಕಬೇಕಿಲ್ಲ. ಕೊನೆಯ ಎರಡು ಹೆಜ್ಜೆಗೆ ತಲೆ ಎತ್ತಿ, ಮುಂದೆ ನೋಡಿ.

ಕಾಲು ಚಾಚಿ ಹಲಗೆ ಹಿಡಿಯಲು ಹೋಗಬೇಡಿ, ವೇಗ ಸಾಯುವುದು ಅಲ್ಲೇ. ನೆಲವನ್ನು ಚೂರು ಜಾಸ್ತಿ ಒತ್ತಿದರೆ ಗಾಳಿಯಲ್ಲಿ ಇರುವ ಹೊತ್ತು ಹೆಚ್ಚುತ್ತದೆ, ಹೆಜ್ಜೆ ತಾನೇ ಉದ್ದವಾಗುತ್ತದೆ.

ಕಲ್ಲುದಾರಿ:
ನಾನು ಗುಡ್ಡದ ಓಟದವನು, ನನಗೂ ಇದೇ ಪಾಠ ಆಗಿದೆ. ಪಾದದ ಬುಡವನ್ನೇ ನೋಡುತ್ತಾ ಓಡಿದಾಗ ಎಡವುತ್ತಿದ್ದೆ. ಎರಡು ಮೂರು ಹೆಜ್ಜೆ ಮುಂದೆ ನೋಡಲು ಶುರು ಮಾಡಿದ ಮೇಲೆ ಕಾಲು ತಾನಾಗಿ ಜಾಗ ಹುಡುಕಿಕೊಳ್ಳುತ್ತಿದೆ.

ಮರಳುಗುಂಡಿ:
ಎರಡು ವಾರ ಆಯಿತು. ಗೆಳೆಯನಿಗೆ ಹೇಳಿ, ನನಗೆ ತಿಳಿಯದ ಹಾಗೆ ಶುರುವಿನ ಗುರುತನ್ನು ಅರ್ಧ ಅಡಿ ಹಿಂದೆ ಮುಂದೆ ಸರಿಸಿಸಿದೆ. ಎಣಿಕೆ ಕೈಕೊಟ್ಟಾಗ ನೋಡಲೇಬೇಕಾಯಿತು. ನಿನ್ನೆ ಹಲಗೆ ಹತ್ತಿರ 13 ಸೆಂ.ಮೀ., ಆರರಲ್ಲಿ ಒಂದೇ ಫೌಲ್. ತುಂಬಾ ಥ್ಯಾಂಕ್ಸ್.